ಎರಚಲೊಳಗೆ ಹನ್ನೆರಡು ಸೆಕೆಂಡು

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸ, ಊರು ಹಾಸನದ ಹತ್ತಿರ. ವಾರ ಬಿಟ್ಟು ವಾರ ಕಾರಿನಲ್ಲಿ ಓಡಾಡುತ್ತೇನೆ. ಆಗೊಮ್ಮೆ ಈಗೊಮ್ಮೆ ಶಿರಾಡಿ ಇಳಿದು ಮಂಗಳೂರಿಗೂ ಹೋಗುವುದುಂಟು. ಆರು ವರ್ಷದ ಹಳೆಯ ಸಣ್ಣ ಕಾರು. ಮೊನ್ನೆ ಹಿರೀಸಾವೆ ದಾಟಿದ ಮೇಲೆ ಜಡಿಮಳೆ. ಮುಂದೊಂದು ಕಂಟೇನರ್ ಟ್ರೈಲರ್ 60ರಲ್ಲಿ ಹೋಗುತ್ತಿತ್ತು. ಅದರ ಹೊಗೆ ಬರದಿರಲೆಂದು ಹೊರಗಾಳಿ ಮುಚ್ಚಿದ್ದೆ, ಚಳಿಯೆಂದು ಎಸಿಯನ್ನೂ ಆರಿಸಿದ್ದೆ. 70ಕ್ಕೆ ಏರಿಸಿ ಸೈಡ್ ಹೊಡೆಯಲು ಹೋದೆ. ಹಿಂದಿನ ಚಕ್ರಗಳ ಪಕ್ಕಕ್ಕೆ ಬರುತ್ತಿದ್ದಂತೆ ಮುಂಗಾಜು ಸುಣ್ಣ ಬಳಿದ ಹಾಗೆ ಬೆಳ್ಳಗಾಯಿತು. ವೈಪರ್ ಪೂರ್ತಿ ವೇಗದಲ್ಲೇ ಇತ್ತು. ಒಳಗಿನಿಂದಲೂ ಹಬೆ ಹಿಡಿಯಿತು. ಹೆಂಡತಿ ಟವೆಲ್ಲಿನಿಂದ ಒರೆಸಿದಷ್ಟೂ ಮಸುಕಾಯಿತು. ನಾಲ್ಕೈದು ಸೆಕೆಂಡು ಏನೂ ಕಾಣಲಿಲ್ಲ. ಬ್ರೇಕ್ ಹಾಕೋಣವೆಂದರೆ ಹಿಂದೆ ಒಬ್ಬ ಅಂಟಿಕೊಂಡು ಹಾರ್ನ್ ಹೊಡೆಯುತ್ತಿದ್ದ. ಗಾಜಿಗೆ ನೀರು ನಿಲ್ಲದ ದ್ರಾವಣ ಹಚ್ಚಿಸಬೇಕೆ? ಆಲೂಗಡ್ಡೆ ಉಜ್ಜಿದರೆ ಸಾಕೆನ್ನುತ್ತಾರೆ ಲಾರಿಯವರು. ಪೋಲರೈಸ್ಡ್ ಕನ್ನಡಕ ಹಾಕಿದರೆ ಮಳೆಯಲ್ಲೂ ಸ್ವಚ್ಛ ಕಾಣುತ್ತದೆಂದು ವಾಟ್ಸ್ಯಾಪ್‌ನಲ್ಲಿ ಬಂದಿದೆ. ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಹೋಗಬೇಕೆ? ಅಥವಾ ಲಾರಿಯ ಹಿಂದೆಯೇ ಉಳಿಯಬೇಕೆ?

ಉತ್ತರ: ನಾಲ್ಕೈದು ಸೆಕೆಂಡು ಅಂದಿದ್ದೀರಿ. ಲೆಕ್ಕ ಬೇರೆ ಹೇಳುತ್ತದೆ. ಟ್ರೈಲರಿನ ಉದ್ದ 18 ಮೀಟರ್ ಆಸುಪಾಸು. ಅದರ ಬಾಲದಿಂದ ಹಿಂದಕ್ಕೆ ಕಡಿಮೆಯೆಂದರೂ 15 ಮೀಟರ್ ಚಕ್ರಗಳು ಎಬ್ಬಿಸಿದ ನೀರಿನ ದಟ್ಟ ಎರಚಲು. ಒಟ್ಟು 33 ಮೀಟರ್. ನೀವು 70, ಲಾರಿ 60. ಅಂದರೆ ನೀವು ಲಾರಿಯನ್ನು ಹಿಂದೆ ಹಾಕುತ್ತಿದ್ದದ್ದು ಗಂಟೆಗೆ ಬರೇ 10 ಕಿ.ಮೀ. ಲೆಕ್ಕದಲ್ಲಿ, ಸೆಕೆಂಡಿಗೆ 2.8 ಮೀಟರ್. ಆ 33 ಮೀಟರ್ ದಾಟಲು ಹನ್ನೆರಡು ಸೆಕೆಂಡು ಬೇಕು. ಅಷ್ಟರಲ್ಲಿ ನಿಮ್ಮ ಕಾರು ರಸ್ತೆಯ ಮೇಲೆ 230 ಮೀಟರ್ ಓಡಿರುತ್ತದೆ, ಒಂದು ಫರ್ಲಾಂಗಿಗಿಂತ ಹೆಚ್ಚು. ಅಷ್ಟೂ ದೂರ ಪೂರಾ ಕುರುಡಲ್ಲ, ನಿಜ. ಹಿಂಚಕ್ರಗಳ ಪಕ್ಕ ಒಮ್ಮೆ, ಮುಂಚಕ್ರದ ಪಕ್ಕ ಇನ್ನೊಮ್ಮೆ ಗಾಜು ಮುಚ್ಚಿಕೊಳ್ಳುತ್ತದೆ, ನಡುವೆ ಸ್ವಲ್ಪ ತೆರೆಯುತ್ತದೆ. ನಿಮಗೆ ನೆನಪಿರುವ ನಾಲ್ಕೈದು ಸೆಕೆಂಡು ಆ ದಟ್ಟ ಭಾಗದ್ದು.

ಈ ಲೆಕ್ಕವನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ನೀವು ಕೇಳಿದ ದ್ರಾವಣ, ಆಲೂಗಡ್ಡೆ, ಕನ್ನಡಕ ಮೂರೂ ಗಾಜಿಗೆ ಅಥವಾ ಕಣ್ಣಿಗೆ ಸಂಬಂಧಿಸಿದವು. ಆದರೆ ಮೊನ್ನೆ ನಿಮ್ಮನ್ನು ಸಿಕ್ಕಿಸಿದ್ದು ಎರಡು ಸಂಗತಿ: ಸೈಡ್ ಹೊಡೆಯಲು ಆರಿಸಿದ ಜಾಗ, ಮತ್ತು ಡ್ಯಾಶ್‌ಬೋರ್ಡಿನಲ್ಲಿ ಮುಚ್ಚಿಟ್ಟಿದ್ದ ಹೊರಗಾಳಿಯ ಬಟನ್. ಗಾಜಿನ ಮಾತೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಆ ಬಿಳಿ ಎಲ್ಲಿಂದ ಬಂತು

ಅದು ಮಳೆಯಲ್ಲ. ಮಳೆಹನಿ ದೊಡ್ಡದು, ಗಾಜಿಗೆ ಬಿದ್ದು ಹರಿಯುತ್ತದೆ, ವೈಪರಿಗೆ ಸಿಗುತ್ತದೆ. ಲಾರಿಯ ಚಕ್ರದ್ದು ಬೇರೆ ನೀರು. ಲಾರಿ ಟೈರಿನ ಅಗಲ ಸುಮಾರು 28 ಸೆಂ.ಮೀ. ರಸ್ತೆಯ ಮೇಲೆ ಒಂದೇ ಒಂದು ಮಿ.ಮೀ. ನೀರು ನಿಂತಿದೆ ಅಂದುಕೊಳ್ಳಿ. 60 ಕಿ.ಮೀ. ವೇಗದಲ್ಲಿ ಆ ಟೈರು ಸೆಕೆಂಡಿಗೆ ನಾಲ್ಕೂವರೆ ಲೀಟರ್ ನೀರನ್ನು ದಾರಿಯಿಂದ ಸರಿಸಬೇಕು. ಒಂದು ಪಾಲು ಪಕ್ಕಕ್ಕೆ ಅಲೆಯಾಗಿ ಚಿಮ್ಮುತ್ತದೆ. ಇನ್ನೊಂದು ಪಾಲು ಟೈರಿನ ಗೀರುಗಳಲ್ಲಿ ಸಿಕ್ಕಿ ಮೇಲೆದ್ದು, ಚಾಸಿಗೆ, ಆಕ್ಸಲ್ಲಿಗೆ, ಡೀಸೆಲ್ ಟ್ಯಾಂಕಿಗೆ ಬಡಿದು ಪುಡಿಪುಡಿಯಾಗುತ್ತದೆ. ಈ ಪುಡಿಯೇ ಎರಚಲು. ಹನಿ ಎಷ್ಟು ಸಣ್ಣದೋ ಅಷ್ಟು ಹೊತ್ತು ಗಾಳಿಯಲ್ಲಿ ತೇಲುತ್ತದೆ, ಅಷ್ಟು ಬೆಳಕನ್ನು ಚದುರಿಸುತ್ತದೆ. ಮಂಜು ಬಿಳಿ ಕಾಣುವುದು ಯಾಕೋ ಇದೂ ಬಿಳಿ ಕಾಣುವುದು ಅದಕ್ಕೇ. ಅಂದಮೇಲೆ ಅರ್ಧ ಬಿಳಿ ನಿಮ್ಮ ಗಾಜಿನ ಮೇಲೆ ಇರಲೇ ಇಲ್ಲ. ಗಾಜಿನ ಆಚೆ ಗಾಳಿಯಲ್ಲಿತ್ತು. ಯಾವ ವೈಪರೂ ಅದನ್ನು ಒರೆಸಲಾರದು.

ವೇಗ ಹೆಚ್ಚಿದಂತೆ ಎರಚಲು ಅದಕ್ಕಿಂತ ಬೇಗ ಹೆಚ್ಚುತ್ತದೆ. 35ರಲ್ಲಿ ತೆವಳುವ ಲಾರಿಯ ಚಕ್ರದಲ್ಲಿ ನೀರು ಪಕ್ಕಕ್ಕೆ ಚೆಲ್ಲುತ್ತದೆಯೇ ಹೊರತು ಮೋಡ ಏಳುವುದಿಲ್ಲ. ಅದೇ ಲಾರಿ 60 ದಾಟಿದರೆ ಬಾಲಕ್ಕೆ ಬಿಳಿ ಪರದೆ ಕಟ್ಟಿಕೊಂಡಂತೆ. ಗಾಡಿಯ ಆಕಾರವೂ ಲೆಕ್ಕಕ್ಕೆ ಬರುತ್ತದೆ. ಕಂಟೇನರಿನಂಥ ಪೆಟ್ಟಿಗೆ ಗಾಡಿಯ ಹಿಂದೆ ಗಾಳಿ ಸುಳಿಸುಳಿಯಾಗಿ ಎರಚಲನ್ನು ಎಳೆದು ಹಿಡಿದಿಡುತ್ತದೆ. ಖಾಲಿ ಟಿಪ್ಪರುಗಳು ಇನ್ನೊಂದು ಕಾಟ: ಮಡ್‌ಫ್ಲ್ಯಾಪ್ ಹರಿದುಹೋಗಿರುತ್ತದೆ, ವೇಗವೂ ಜಾಸ್ತಿ, ನೀರಿನ ಜೊತೆ ಕೆಂಪು ರಾಡಿಯೂ ಬರುತ್ತದೆ.

ಗಾಳಿಯ ದಿಕ್ಕಿನ ಬಗ್ಗೆ ಹೆಚ್ಚಿನವರು ಯೋಚಿಸುವುದೇ ಇಲ್ಲ. ಮುಂಗಾರಿನ ಗಾಳಿ ನಮ್ಮಲ್ಲಿ ಪಡುವಣ, ನೈಋತ್ಯದಿಂದ ಬೀಸುವುದು. ಬೆಂಗಳೂರಿನಿಂದ ಹುಬ್ಬಳ್ಳಿ ಕಡೆ ಹೋಗುವಾಗ, ಅಥವಾ ಮಂಗಳೂರಿನಿಂದ ಉಡುಪಿ ಕಡೆ ಹೋಗುವಾಗ ಅದು ನಿಮ್ಮ ಎಡದಿಂದ ಬರುತ್ತದೆ. ಲಾರಿಯ ಎರಚಲನ್ನೆಲ್ಲ ಬಲಕ್ಕೆ, ಅಂದರೆ ನೀವು ಸೈಡ್ ಹೊಡೆಯುವ ಲೇನಿಗೆ ತಂದು ಸುರಿಯುತ್ತದೆ. ವಾಪಸ್ ಬರುವಾಗ ಅದೇ ಗಾಳಿ ಎರಚಲನ್ನು ಎಡಕ್ಕೆ ತಳ್ಳಿ ನಿಮ್ಮ ಲೇನನ್ನು ಬಿಡಿಸಿಕೊಡುತ್ತದೆ. ಹಾಸನದ ದಾರಿ ಹೆಚ್ಚುಕಡಿಮೆ ಪಡುವಣಕ್ಕೇ ಹೋಗುವುದರಿಂದ ಅಲ್ಲಿ ತಿರುವು ತಿರುವಿಗೂ ಬದಲಾಗುತ್ತದೆ. ದಿಕ್ಸೂಚಿ ಬೇಕಿಲ್ಲ. ಲಾರಿಯ ಹಿಂದೆ ದೂರದಲ್ಲಿರುವಾಗಲೇ ಆ ಬಿಳಿ ಬಾಲ ಯಾವ ಕಡೆಗೆ ವಾಲಿದೆ ನೋಡಿ. ಬಲಕ್ಕೆ ವಾಲಿದ್ದರೆ ಇನ್ನೊಂದು ತಿರುವು ಕಳೆಯಲಿ.

ಒಳಗಿನ ಹಬೆ

ಇದು ಪೂರ್ತಿ ನಿಮ್ಮ ಕೈಯಲ್ಲಿದ್ದದ್ದು. ಲಾರಿಯ ಹೊಗೆ ಬರುತ್ತದೆಂದು ಹೊರಗಾಳಿ ಮುಚ್ಚುವ ಬಟನ್ ಒತ್ತಿದಿರಿ, ಎಸಿ ಆರಿಸಿದಿರಿ. ಕಾರಿನಲ್ಲಿರುವವರ ಉಸಿರು, ಒದ್ದೆ ಚಪ್ಪಲಿ, ಕಾಲಡಿ ಇಟ್ಟ ಒದ್ದೆ ಕೊಡೆ ಎಲ್ಲದರ ತೇವ ಒಳಗೇ ಸುತ್ತತೊಡಗಿತು. ಹೊರಗೆ ತಣ್ಣನೆಯ ನೀರು ಸುರಿದು ಗಾಜು ತಂಪಾಗಿತ್ತು. ಎರಚಲಿಗೆ ಹೊಕ್ಕಾಗ ಗಾಜಿನ ಮೇಲೆ ಇನ್ನಷ್ಟು ನೀರು, ಇನ್ನಷ್ಟು ತಂಪು. ಇನ್ನೇನು ಹಿಡಿಯುವುದರಲ್ಲಿದ್ದ ಹಬೆ ಆ ಗಳಿಗೆಯಲ್ಲೇ ಹಿಡಿಯಿತು. ಟವೆಲ್ಲಿನಿಂದ ಒರೆಸಿದರೆ ಹಬೆಯ ಜೊತೆ ಗಾಜಿನ ಮೇಲಿನ ಜಿಡ್ಡೂ ಹರಡಿ ಮಸುಕು ಕಾಯಂ ಆಗುತ್ತದೆ.

ಎಸಿ ಎಂದರೆ ತಂಪು ಮಾಡುವುದು ಎಂದಷ್ಟೇ ತಿಳಿಯುತ್ತೇವೆ. ಮಳೆಗಾಲದಲ್ಲಿ ಅದರ ನಿಜವಾದ ಕೆಲಸ ಗಾಳಿಯನ್ನು ಒಣಗಿಸುವುದು. ಆದ್ದರಿಂದ ಎಸಿ ಹಾಕಿ, ಹೊರಗಾಳಿ ತೆರೆಯಿರಿ, ಗಾಳಿಯನ್ನು ಮುಂಗಾಜಿಗೆ ತಿರುಗಿಸಿ, ಫ್ಯಾನು ಮೂರರಲ್ಲಿಡಿ. ಚಳಿಯಾದರೆ ಉಷ್ಣತೆಯ ಗುಂಡಿಯನ್ನು ಕೆಂಪಿನ ಕಡೆ ತಿರುಗಿಸಿ. ಎಸಿ, ಹೀಟರ್ ಎರಡೂ ಒಟ್ಟಿಗೆ ನಡೆಯಬಹುದು, ಅದರಿಂದ ಏನೂ ಹಾಳಾಗುವುದಿಲ್ಲ: ಒಂದು ಒಣಗಿಸುತ್ತದೆ, ಇನ್ನೊಂದು ಬೆಚ್ಚಗಿಡುತ್ತದೆ. ಇದು ಕೆಲಸ ಮಾಡಲು ಸ್ವಲ್ಪ ಹೊತ್ತು ಬೇಕು. ಹಾಗಾಗಿ ಲಾರಿ ಕಂಡ ಮೇಲಲ್ಲ, ಮಳೆ ಶುರುವಾದಾಗಲೇ ಹಾಕಿಕೊಳ್ಳಬೇಕು. ಹೊಗೆಯ ವಾಸನೆ ಬಂದರೆ ಅದಕ್ಕೆ ಮದ್ದು ಅಂತರ ಹೆಚ್ಚಿಸುವುದೇ. ಹೊಗೆ ಮೂಗಿಗೆ ಬರುವಷ್ಟು ಹತ್ತಿರ ಇದ್ದೀರೆಂದರೆ ಎರಚಲೂ ಗಾಜಿಗೆ ಬರುವಷ್ಟು ಹತ್ತಿರ ಇದ್ದೀರಿ. ಗಾಳಿ ಜೋರಾಗಿ ಬರುತ್ತಿಲ್ಲವೆಂದರೆ ಗ್ಲೌಬಾಕ್ಸಿನ ಹಿಂದಿರುವ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಆರು ವರ್ಷದ ಕಾರಿನಲ್ಲಿ ಅದು ಧೂಳು, ತರಗೆಲೆಯಿಂದ ಕಟ್ಟಿಕೊಂಡಿರುವುದು ಮಾಮೂಲು. ಮುಂಗಾಜಿನ ಒಳಮೈಯನ್ನು ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಮುಗಿಸಿ. ಜಿಡ್ಡಿಲ್ಲದ ಗಾಜಿಗೆ ಹಬೆ ತಡವಾಗಿ ಹಿಡಿಯುತ್ತದೆ.

ಶಿರಾಡಿ ಇಳಿದು ಕರಾವಳಿ ಸೇರಿದ ಮೇಲೆ ಆಟ ತಿರುಗುತ್ತದೆ. ಅಲ್ಲಿ ಹೊರಗಾಳಿ ಬೆಚ್ಚಗೆ, ತೇವದಿಂದ ತುಂಬಿರುತ್ತದೆ. ಎಸಿಯ ತಣ್ಣನೆ ಗಾಳಿ ಗಾಜಿಗೆ ಬಡಿಯುತ್ತಿದ್ದರೆ ಹಬೆ ಹೊರಮೈಗೆ ಹಿಡಿಯುತ್ತದೆ. ಬೆರಳಿನಿಂದ ಒಳಗೆ ಒಂದು ಗೀಟು ಎಳೆದು ನೋಡಿ: ಗೀಟು ಬಿದ್ದರೆ ಹಬೆ ಒಳಗಿದೆ, ಬೀಳದಿದ್ದರೆ ಹೊರಗಿದೆ. ಹೊರಗಿನದಾದರೆ ವೈಪರ್ ಒಂದು ಸಲ ಆಡಿಸಿ, ತಂಪು ಕಡಿಮೆ ಮಾಡಿ, ಗಾಳಿಯನ್ನು ಗಾಜಿನಿಂದ ಬೇರೆಡೆಗೆ ತಿರುಗಿಸಿ. ಘಟ್ಟದ ಮೇಲೆ ಮಾಡಿದ್ದರ ಉಲ್ಟಾ.

ನೀವು ಕೇಳಿದ ಮದ್ದುಗಳು

ಆಲೂಗಡ್ಡೆ ಪೂರ್ತಿ ಸುಳ್ಳಲ್ಲ. ಕತ್ತರಿಸಿದ ಆಲೂಗಡ್ಡೆಯಾಗಲಿ, ಹೊಗೆಸೊಪ್ಪಾಗಲಿ, ಒಂದು ತೊಟ್ಟು ಶಾಂಪೂವಾಗಲಿ ಉಜ್ಜಿದರೆ ಗಾಜಿನ ಮೇಲೆ ನೀರು ಹನಿಗಟ್ಟದೆ ತೆಳ್ಳಗೆ ಹಾಸಿಕೊಳ್ಳುತ್ತದೆ. ತೆಳುಹಾಸಿನ ಮೂಲಕ ರಸ್ತೆ ಕಾಣುತ್ತದೆ. ವೈಪರ್ ಕೆಟ್ಟು ನಿಂತ ಹಳೆಯ ಲಾರಿಗೆ ಮುಂದಿನ ಊರು ತಲುಪುವಷ್ಟು ಮಟ್ಟಿಗೆ ಅದು ಉಪಕಾರಿ. ಜಡಿಮಳೆಗೆ ಬೇಗನೆ ತೊಳೆದುಹೋಗುತ್ತದೆ. ವೈಪರ್ ಸರಿಯಿರುವ ಕಾರಿಗೆ ಅದರಿಂದ ಆಗುವುದು ಬ್ಲೇಡಿನ ಅಂಚಿಗೆ ಅಂಟು ಮೆತ್ತುವುದೊಂದೇ. ಸೀಮೆಎಣ್ಣೆ, ಡೀಸೆಲ್ ಹಚ್ಚುವವರೂ ಇದ್ದಾರೆ, ಅದನ್ನಂತೂ ಮಾಡಲೇಬೇಡಿ. ಎಣ್ಣೆಪೊರೆ ಉಳಿಯುತ್ತದೆ, ರಬ್ಬರು ಹಾಳಾಗುತ್ತದೆ, ರಾತ್ರಿ ಎದುರಿನ ಬೆಳಕು ಗಾಜಿನ ತುಂಬ ಹರಡುತ್ತದೆ.

ನೀರು ನಿಲ್ಲದ ದ್ರಾವಣ ಇದರ ವಿರುದ್ಧ ದಾರಿ ಹಿಡಿಯುತ್ತದೆ: ನೀರನ್ನು ಮಣಿಮಣಿಯಾಗಿಸಿ, ಗಾಳಿಗೆ ಉರುಳಿಹೋಗುವಂತೆ ಮಾಡುತ್ತದೆ. 60–70ರ ಮೇಲೆ ಓಡುವಾಗ ಸಾಮಾನ್ಯ ಮಳೆಯಲ್ಲಿ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಲಾರಿಯ ಎರಚಲಿನಲ್ಲಿ ಅಲ್ಲ. ಆ ಸಣ್ಣ ಹನಿಗಳಿಗೆ ಉರುಳುವಷ್ಟು ತೂಕವಿಲ್ಲ, ಸಾವಿರ ಚುಕ್ಕೆಗಳಾಗಿ ಗಾಜಿಗೆ ಕೂರುತ್ತವೆ. ರಾತ್ರಿ ಪ್ರತಿ ಚುಕ್ಕೆಯೂ ಎದುರಿನ ಹೆಡ್‌ಲೈಟಿಗೆ ಒಂದೊಂದು ಸಣ್ಣ ದೀಪ. ಹಳೆಯ ಬ್ಲೇಡಿನ ಜೊತೆ ಈ ದ್ರಾವಣ ಸೇರಿದರೆ ವೈಪರ್ ಗರಗರ ಎಂದು ನೆಗೆಯತೊಡಗುತ್ತದೆ. ಹಚ್ಚಿಸಲೇಬೇಕೆಂದಿದ್ದರೆ ಮೊದಲು ಬ್ಲೇಡು ಬದಲಿಸಿ, ಗಾಜಿನ ಜಿಡ್ಡು ಪೂರ್ತಿ ತೆಗೆಸಿ, ಆಮೇಲೆ ಹಚ್ಚಿಸಿ. ಹಚ್ಚದಿದ್ದರೂ ನಷ್ಟವಿಲ್ಲ.

ಪೋಲರೈಸ್ಡ್ ಕನ್ನಡಕ ಹಗಲಿನಲ್ಲಿ ಒದ್ದೆ ರಸ್ತೆಯ ಹೊಳಪನ್ನು ಕಡಿಮೆ ಮಾಡುವುದು ನಿಜ. ಮಳೆ ನಿಂತು ಬಿಸಿಲು ಬಿದ್ದಾಗ ಒಳ್ಳೆಯದು. ಗಾಜಿನ ಮೇಲಿನ ನೀರನ್ನಾಗಲಿ, ಗಾಳಿಯಲ್ಲಿ ತೇಲುವ ಎರಚಲನ್ನಾಗಲಿ ಅದು ಮಾಯ ಮಾಡುವುದಿಲ್ಲ. ಮೋಡ ಕವಿದ ಸಂಜೆ ಮೊದಲೇ ಬೆಳಕು ಕಡಿಮೆ. ಅದರಲ್ಲಿ ಕಪ್ಪು ಗಾಜು ಹಾಕಿಕೊಂಡರೆ ಟೈಲ್‌ಲ್ಯಾಂಪ್ ಇಲ್ಲದ ಟ್ರ್ಯಾಕ್ಟರ್ ಕಾಣುವುದು ಇನ್ನೂ ತಡವಾಗುತ್ತದೆ. ರಾತ್ರಿಯಲ್ಲಿ ಹಾಕುವ ಹಳದಿ ಕನ್ನಡಕಕ್ಕೂ ಇದೇ ಮಾತು.

ನಾಲ್ಕೂ ಇಂಡಿಕೇಟರ್ ಹಾಕಿ ಓಡಿಸುವುದು ಬೇಡ. ಬಹುತೇಕ ಕಾರುಗಳಲ್ಲಿ ಅವು ಉರಿಯುತ್ತಿರುವಾಗ ನೀವು ಬಲಕ್ಕೆ ಇಂಡಿಕೇಟರ್ ಹಾಕಿದರೆ ಹಿಂದಿನವನಿಗೆ ತಿಳಿಯುವುದೇ ಇಲ್ಲ. ಮುಂದೆ ನಿಂತ ಗಾಡಿಯೋ ಓಡುವ ಗಾಡಿಯೋ ಎಂಬುದೂ ಗೊತ್ತಾಗುವುದಿಲ್ಲ. ಹೆಡ್‌ಲೈಟ್ ಲೋಬೀಮ್‌ನಲ್ಲಿ ಹಾಕಿ, ಅಷ್ಟು ಸಾಕು. ಹಗಲಲ್ಲೂ ತಾನಾಗಿ ಉರಿಯುವ ಮುಂದಿನ ದೀಪ (ಡಿಆರ್‌ಎಲ್) ಇದೆಯಲ್ಲ ಎಂದು ಸುಮ್ಮನಿರಬೇಡಿ, ಅನೇಕ ಕಾರುಗಳಲ್ಲಿ ಅದರ ಜೊತೆ ಹಿಂದಿನ ದೀಪ ಉರಿಯುವುದಿಲ್ಲ. ಹೈಬೀಮ್ ಹಾಕಿದರೆ ಎರಚಲೇ ಬೆಳಗಿ ಕಣ್ಣಿಗೆ ರಾಚುತ್ತದೆ.

ಗಾಜು, ಬ್ಲೇಡು

ಪ್ರತಿ ಬೇಸಿಗೆ ನಮ್ಮ ಬಿಸಿಲಿಗೆ ವೈಪರ್ ರಬ್ಬರು ಗಟ್ಟಿಯಾಗುತ್ತದೆ. ಮೇ ಕೊನೆಗೆ ಹೊಸ ಬ್ಲೇಡು ಹಾಕಿಸುವುದನ್ನು ರೂಢಿ ಮಾಡಿಕೊಳ್ಳಿ. ಎರಡೂ ಕಡೆಯ ಉದ್ದ ಬೇರೆ ಬೇರೆ ಇರುತ್ತದೆ. ಹಳೆಯದನ್ನು ಅಳೆದು ತನ್ನಿ. ಬ್ಲೇಡು ಏನು ತಪ್ಪು ಮಾಡುತ್ತಿದೆ ಎನ್ನುವುದನ್ನು ಅದು ಬಿಟ್ಟ ಗುರುತೇ ಹೇಳುತ್ತದೆ. ಕೂದಲೆಳೆಯಂಥ ಗೆರೆಗಳು ಉಳಿದರೆ ಅಂಚಿನಲ್ಲಿ ಮರಳು ಕೂತಿದೆ ಅಥವಾ ರಬ್ಬರು ಸೀಳಿದೆ. ನೆಗೆದು ನೆಗೆದು ಒರೆಸಿದರೆ ರಬ್ಬರು ಗಟ್ಟಿಯಾಗಿದೆ, ಇಲ್ಲವೇ ತೋಳು ಕೊಂಚ ತಿರುಚಿದೆ. ನಡುವೆ ಒಂದು ಪಟ್ಟಿ ಒರೆಸದೆ ಬಿಟ್ಟರೆ ತೋಳಿನ ಸ್ಪ್ರಿಂಗ್ ಸಡಿಲವಾಗಿದೆ; ಹೊಸ ಬ್ಲೇಡು ಹಾಕಿದರೂ ಇದು ಹೋಗದು. ಒರೆಸಿದ ಮೇಲೂ ಹಾಲಿನಂಥ ಮಸುಕು ಉಳಿದು ಒಂದೆರಡು ಕ್ಷಣ ಬಿಟ್ಟು ಮಾಯವಾದರೆ ತಪ್ಪು ಬ್ಲೇಡಿನದಲ್ಲ, ಗಾಜಿನ ಮೇಲಿನ ಜಿಡ್ಡಿನದು.

ಈ ಜಿಡ್ಡೇ ಎರಚಲಿನಲ್ಲಿ ಹೆಚ್ಚು ಕೈಕೊಡುವುದು. ಡೀಸೆಲ್ ಮಸಿ, ರಸ್ತೆಯ ಎಣ್ಣೆ, ವಾಟರ್‌ಸರ್ವಿಸ್‌ನವರು ಕಾರಿಗೆಲ್ಲ ಹೊಳಪು ಬರಲೆಂದು ಹೊಡೆಯುವ ಪಾಲಿಶ್ ಎಲ್ಲ ಸೇರಿ ಗಾಜಿಗೆ ಪೊರೆ ಕಟ್ಟಿರುತ್ತದೆ. ಪರೀಕ್ಷೆ ಸುಲಭ: ಗಾಜಿನ ಮೇಲೆ ಒಂದು ಚೊಂಬು ನೀರು ಸುರಿಯಿರಿ. ದ್ರಾವಣ ಹಚ್ಚದ ಗಾಜಿನಲ್ಲಿ ನೀರು ಹಾಳೆಯಂತೆ ಹರಡಿದರೆ ಸ್ವಚ್ಛ. ಅಲ್ಲಲ್ಲಿ ಒಡೆದು ದ್ವೀಪಗಳಾದರೆ ಜಿಡ್ಡಿದೆ. ಪಾತ್ರೆ ತೊಳೆಯುವ ದ್ರವ ನಾಲ್ಕು ಹನಿ, ಅರ್ಧ ಬಕೆಟ್ ನೀರು, ಮೆತ್ತನೆಯ ಸ್ಪಂಜು. ಉಜ್ಜಿ ತೊಳೆದು ಮತ್ತೆ ನೀರು ಸುರಿದು ನೋಡಿ. ಬ್ಲೇಡಿನ ಅಂಚನ್ನೂ ಅದೇ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಎರಡು ಬೆರಳಲ್ಲಿ ಹಿಡಿದು ಎಳೆಯಿರಿ; ಕಪ್ಪು ಬರುವುದು ನಿಂತ ಮೇಲೆ ಬಿಡಿ. ಬೋರ್‌ವೆಲ್ ನೀರಿನ ಬಿಳಿ ಕಲೆಗಳು ಇದಕ್ಕೆ ಹೋಗುವುದಿಲ್ಲ. ಅದಕ್ಕೆ ಗಾಜಿನ ಪಾಲಿಶ್ ಪುಡಿ ಹಾಕಿ ಉಜ್ಜುವವರ ಹತ್ತಿರ ಹೋಗಬಹುದು.

ವಾಶರ್ ಟ್ಯಾಂಕಿಗೆ ಬಟ್ಟೆ ಸೋಪಿನ ಪುಡಿ ಹಾಕಬೇಡಿ, ತೂತು ಕಟ್ಟುತ್ತದೆ. ಅದಕ್ಕೆಂದೇ ಸಿಗುವ ದ್ರವವನ್ನು ನೀರಿಗೆ ಬೆರೆಸಿ. ನೀರು ಬೀಳುವ ಜಾಗ ಗಾಜಿನ ಮೇಲರ್ಧದಲ್ಲಿರಲಿ: ಓಡುವಾಗ ಗಾಳಿ ಅದನ್ನು ಕೆಳಕ್ಕೆ ಒತ್ತುತ್ತದೆ, ನಿಂತಾಗ ಸರಿಯಾಗಿ ಬಿದ್ದದ್ದು 70ರಲ್ಲಿ ಬಾನೆಟ್ಟಿನ ಅಂಚಿಗೇ ಬೀಳುತ್ತದೆ. ಸೂಜಿಮೊನೆಯಲ್ಲಿ ತೂತನ್ನು ಕೊಂಚ ಮೇಲಕ್ಕೆ ತಿರುಗಿಸಿದರೆ ಆಯಿತು.

ಎಲ್ಲಿ ಸೈಡ್ ಹೊಡೆಯಬೇಕು

ಎರಚಲನ್ನು ಗೆಲ್ಲುವುದು ಸಾಧ್ಯವಿಲ್ಲ. ಅದು ಕಡಿಮೆ ಇರುವ ಜಾಗ ಹುಡುಕುವುದು ಸಾಧ್ಯ. ಮೊನ್ನೆಯ ಪರಿಸ್ಥಿತಿಯಲ್ಲಿ 80ಕ್ಕೆ ಏರಿಸಿದ್ದರೆ ಹನ್ನೆರಡು ಸೆಕೆಂಡು ಆರಕ್ಕೆ ಇಳಿಯುತ್ತಿತ್ತು. ಆದರೆ ಜಡಿಮಳೆಯಲ್ಲಿ, ಟೈರಿನ ಗೀರು ಎಷ್ಟಿದೆಯೋ ಗೊತ್ತಿಲ್ಲದೆ, 80ಕ್ಕೆ ಹೋಗಿ ಎಂದು ಹೇಳಲಾರೆ. ಕಾನೂನಿನ ಪ್ರಕಾರ 1.6 ಮಿ.ಮೀ. ಗೀರಿದ್ದರೆ ಸಾಕು; ಮಳೆಗೆ 3 ಮಿ.ಮೀ.ಗಿಂತ ಕಡಿಮೆಯಿದ್ದರೆ ನೀರಿನ ಮೇಲೆ ಟೈರು ತೇಲುವ ಭಯ ಶುರುವಾಗುತ್ತದೆ. ಹಾಗಾಗಿ ನಿಮ್ಮ ವೇಗ ಹೆಚ್ಚಿಸುವ ಬದಲು ಲಾರಿಯ ವೇಗ ತಾನಾಗಿ ಇಳಿಯುವ ಜಾಗಕ್ಕೆ ಕಾಯಿರಿ.

ಅಂಥ ಜಾಗ ಎರಡು. ಒಂದು, ಡಿವೈಡರ್ ಇರುವ ರಸ್ತೆಯ ಏರು. ಲೋಡಾದ ಲಾರಿ ಉದ್ದನೆಯ ಏರಿನಲ್ಲಿ 35–40ಕ್ಕೆ ಬರುತ್ತದೆ, ಎರಚಲು ನೆಲಕ್ಕಿಳಿಯುತ್ತದೆ. ನೀವು 60ರಲ್ಲಿ ಹೋದರೂ 20ರ ವ್ಯತ್ಯಾಸ ಸಿಗುತ್ತದೆ, ಏರಿನಲ್ಲಿ ನೀರೂ ನಿಲ್ಲದೆ ಹರಿದುಹೋಗಿರುತ್ತದೆ. ಇಳಿಜಾರಿನಲ್ಲಿ ಮಾತ್ರ ಯತ್ನಿಸಬೇಡಿ. ಅಲ್ಲಿ ಲಾರಿ ನಿಮ್ಮ ಜೊತೆ ವೇಗ ಹೆಚ್ಚಿಸಿಕೊಳ್ಳುತ್ತದೆ. ಎರಡನೆಯದು ಟೋಲ್. ಶಾಂತಿಗ್ರಾಮದ ಟೋಲಿನಲ್ಲಿ ಎಲ್ಲರೂ ಸೊನ್ನೆಯಿಂದ ಹೊರಡುತ್ತಾರೆ. ಲೋಡಾದ ಟ್ರೈಲರ್ ವೇಗ ಹಿಡಿಯುವಷ್ಟರಲ್ಲಿ ನೀವು ಮುಂದಿನ ಅರ್ಧ ಕಿ.ಮೀ.ನಲ್ಲಿ ನಾಲ್ಕಾರು ಲಾರಿಗಳನ್ನು ಎರಚಲೇ ಇಲ್ಲದೆ ದಾಟಿರಬಹುದು.

ಬೇಡದ ಜಾಗವೂ ಒಂದಿದೆ: ಬಲಕ್ಕೆ ತಿರುಗುವ ತಿರುವು. ತಿರುವಿನಲ್ಲಿ ರಸ್ತೆಯನ್ನು ಒಳಮಗ್ಗುಲಿಗೆ ಓರೆ ಮಾಡಿರುತ್ತಾರೆ. ಬಲತಿರುವಿನಲ್ಲಿ ಒಳಮಗ್ಗುಲೆಂದರೆ ಡಿವೈಡರ್ ಕಡೆ. ನೀರೆಲ್ಲ ಅಲ್ಲಿಗೆ ಹರಿದು, ಹೊರಹೋಗಲು ದಾರಿಯಿಲ್ಲದೆ, ನೀವು ಸೈಡ್ ಹೊಡೆಯುವ ಲೇನಿನಲ್ಲೇ ನಿಂತಿರುತ್ತದೆ. ಬಲಚಕ್ರ ಆ ನೀರಿಗೆ ಇಳಿದರೆ ಸ್ಟಿಯರಿಂಗ್ ಬಲಕ್ಕೆ ಎಳೆಯುತ್ತದೆ, ಅದೂ ಕಣ್ಣು ಕಾಣದ ಗಳಿಗೆಯಲ್ಲಿ.

ಇನ್ನು ಮಾಡುವ ಬಗೆ. ಲಾರಿಯ ಹಿಂದೆ ನಾಲ್ಕು ಸೆಕೆಂಡು ಅಂತರದಲ್ಲಿರಿ. 60ರಲ್ಲಿ ಅದು 65 ಮೀಟರಿನಷ್ಟು. ಅಷ್ಟು ದೂರದಿಂದಲೇ ಬಲ ಲೇನಿಗೆ ಬನ್ನಿ. ಬಾಲಕ್ಕೆ ಅಂಟಿಕೊಂಡು ಹೋಗಿ ಕೊನೆಗೆ ಬಲಕ್ಕೆ ಹಾರುವವರು ಎರಚಲಿನ ಒಳಗಿನಿಂದ ಎರಚಲಿನ ಒಳಕ್ಕೇ ಹೋಗುತ್ತಾರೆ, ರಸ್ತೆಯನ್ನು ನೋಡುವುದೇ ಇಲ್ಲ. ಬಲ ಲೇನಿನಲ್ಲಿ ದೂರ ಇದ್ದರೆ ಲಾರಿಯ ಪಕ್ಕ, ಅದರ ಮುಂದೆ ಏನಿದೆ ಎಂದು ಕಾಣುತ್ತದೆ. ಅಲ್ಲಿ ನೋಡಬೇಕಾದದ್ದು ಒಂದೇ: ನಿಮ್ಮ ಲೇನು ಲಾರಿಯ ಮೂತಿಯ ಆಚೆಗೂ ಖಾಲಿ ಇದೆಯೇ? ನಿಂತ ಗಾಡಿ, ಬ್ಯಾರಿಕೇಡ್, ಡಿವೈಡರ್ ಸಂದಿಯಿಂದ ತಿರುಗಲು ಕಾಯುವ ಟ್ರ್ಯಾಕ್ಟರ್, ಉಲ್ಟಾ ಬರುವ ಬೈಕು. ಕಾಣಲಿಲ್ಲವೆಂದರೆ ಖಾಲಿ ಎಂದು ಅರ್ಥವಲ್ಲ, ಕಾಣಲಿಲ್ಲ ಎಂದಷ್ಟೇ ಅರ್ಥ. ಎಡಕ್ಕೆ ವಾಪಸ್ ಬನ್ನಿ.

ಖಾಲಿ ಕಂಡರೆ, ಎರಚಲು ಮುಟ್ಟುವ ಮೊದಲೇ ವೈಪರ್ ಪೂರ್ತಿ ವೇಗಕ್ಕೆ ಹಾಕಿ, ಒಮ್ಮೆ ವಾಶರ್ ಒತ್ತಿ. ಆ ವೇಗದಲ್ಲಿ ಬ್ಲೇಡು ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸಲ ಹೋಗಿಬರುತ್ತದೆ. ಮುಚ್ಚಿದ ಮೇಲೆ ಗುಂಡಿ ಹುಡುಕಿದರೆ ಎರಡು ಸೆಕೆಂಡು ಹೋಯಿತು. ಎರಡೂ ಕೈ ಸ್ಟಿಯರಿಂಗ್ ಮೇಲೆ. ಲೇನಿನ ನಡುವಿಗಿಂತ ಒಂದು ಗೇಣು ಬಲಕ್ಕೆ. ಒಳಹೊಕ್ಕ ಮೇಲೆ ಲಾರಿಯನ್ನು ನೋಡಬೇಡಿ, ಬಲಗಡೆ ಡಿವೈಡರ್ ಪಕ್ಕದ ಗೆರೆಯನ್ನು ಹಿಡಿದುಕೊಳ್ಳಿ. ಎಲ್ಲ ಬಿಳಿಯಾದಾಗಲೂ ಕೊನೆಗೆ ಕಾಣುವುದು ಹತ್ತಿರದ ಆ ಗೆರೆ, ಕಲ್ಲಿನ ಅಂಚು. ಬಿಟ್ಟುಬಿಡುವುದಾದರೆ ಹಿಂಚಕ್ರಗಳ ಪಕ್ಕ ತಲುಪುವ ಮೊದಲೇ ಬಿಡಿ: ಆಕ್ಸಿಲರೇಟರಿನಿಂದ ಕಾಲು ಸಡಿಲಿಸಿ ಹಿಂದುಳಿಯಿರಿ, ಬ್ರೇಕ್ ಗಟ್ಟಿಯಾಗಿ ತುಳಿಯಬೇಡಿ. ಲಾರಿಯ ನಡು ದಾಟಿದ ಮೇಲೆ ಹಿಂದಕ್ಕೆ ಬರುವುದೆಂದರೆ ಅದೇ ಎರಚಲನ್ನು ಎರಡನೆಯ ಸಲ ದಾಟುವುದು. ಮುಂದೆ ಹೋಗುವುದೇ ಮೇಲು. ಲಾರಿಯ ಮರೆ ಮುಗಿಯುತ್ತಿದ್ದಂತೆ ಪಕ್ಕದ ಗಾಳಿ ಒಮ್ಮೆಲೇ ಬಡಿದು ಕಾರು ಅಲುಗುತ್ತದೆ. ಅದು ಬರುತ್ತದೆಂದು ಗೊತ್ತಿದ್ದರೆ ಗಾಬರಿಯಾಗುವುದಿಲ್ಲ. ದಾಟಿದ ತಕ್ಷಣ ಎಡಕ್ಕೆ ಎಳೆಯಬೇಡಿ. ಒಳಗಿನ ಕನ್ನಡಿಯಲ್ಲಿ ಲಾರಿಯ ಎರಡೂ ದೀಪ ಕಂಡ ಮೇಲೆ ಇನ್ನೂ ಮೂರು ಎಣಿಸಿ. ನಿಮ್ಮ ಚಕ್ರದ ನೀರು ಅವನ ಗಾಜಿಗೂ ಬೀಳುತ್ತದೆ.

ಲಾರಿ ಬಲ ಲೇನನ್ನೇ ಹಿಡಿದುಕೊಂಡು ಹೋಗುತ್ತಿದ್ದರೆ? ನಮ್ಮ ಹೆದ್ದಾರಿಗಳಲ್ಲಿ ದಿನಬೆಳಗಾದರೆ ಕಾಣುವ ದೃಶ್ಯ. ಒಮ್ಮೆ ಡಿಪ್ ಕೊಡಿ, ಕಾಯಿರಿ. ಮಳೆಯಲ್ಲಿ ಎಡದಿಂದ ನುಗ್ಗುವುದು ಕೆಟ್ಟ ವ್ಯಾಪಾರ: ಲಾರಿ ಡ್ರೈವರಿಗೆ ಎಡಗಡೆ ಕಾಣದ ಭಾಗವೇ ಹೆಚ್ಚು, ನೇರ ರಸ್ತೆಯಲ್ಲಿ ನೀರು ಎಡ ಅಂಚಿಗೇ ಹರಿದಿರುತ್ತದೆ, ರೇನ್‌ಕೋಟ್ ಹಾಕುತ್ತಾ ನಿಂತ ಬೈಕಿನವರೂ ಅಲ್ಲೇ. ಲಾರಿಯವನು ಬಲ ಇಂಡಿಕೇಟರ್ ಹಾಕಿದರೆ ‘ಹೋಗು’ ಎಂದೂ ಇರಬಹುದು, ‘ನಾನೇ ಬಲಕ್ಕೆ ಬರುತ್ತಿದ್ದೇನೆ’ ಎಂದೂ ಇರಬಹುದು. ಮಳೆಯಲ್ಲಿ ಆ ಸನ್ನೆಯನ್ನು ನಂಬಿ ಹೊರಡಬೇಡಿ.

ಶಿರಾಡಿಯಲ್ಲಿ

ಡಿವೈಡರ್ ಇಲ್ಲದ ರಸ್ತೆಯ ಲೆಕ್ಕ ಕೇಳಿ. 12 ಮೀಟರಿನ ಲಾರಿ 50ರಲ್ಲಿದೆ, ನೀವು 70ರಲ್ಲಿ. ಹಿಂದೆ 40 ಮೀಟರ್, ಮುಂದೆ 40 ಮೀಟರ್ ಅಂತರ, ಲಾರಿ ಮತ್ತು ಕಾರಿನ ಉದ್ದ ಸೇರಿ 96 ಮೀಟರ್. ದಾಟಲು 17 ಸೆಕೆಂಡು. ಅಷ್ಟರಲ್ಲಿ ನೀವು 330 ಮೀಟರ್ ಓಡುತ್ತೀರಿ, ಎದುರಿನಿಂದ 60ರಲ್ಲಿ ಬರುವವನು 280 ಮೀಟರ್. ಎದುರು 600 ಮೀಟರಿಗಿಂತ ಹೆಚ್ಚು ಖಾಲಿ ರಸ್ತೆ ಕಾಣಬೇಕು. ಜಡಿಮಳೆಯಲ್ಲಿ 200 ಮೀಟರ್ ಕಂಡರೆ ಪುಣ್ಯ. ಘಟ್ಟದಲ್ಲಿ ಅದೂ ಇಲ್ಲ, ತಿರುವಿಗೊಂದು ಗ್ಯಾಸ್ ಸಾಗಿಸುವ ಬುಲೆಟ್ ಟ್ಯಾಂಕರ್ ಬೇರೆ. ಹಾಗಾಗಿ ಮಾರನಹಳ್ಳಿಯಿಂದ ಗುಂಡ್ಯದ ತನಕ ಮಳೆಯಲ್ಲಿ ಎದುರು ಸಂಚಾರವಿರುವ ಕಡೆ ಸೈಡ್ ಹೊಡೆಯುವ ಮಾತೇ ಬೇಡ. ಘಟ್ಟದಲ್ಲಿ ಲಾರಿಗಳು ನಿಧಾನ, ಎರಚಲೂ ಕಡಿಮೆ. ಹಿಂದೆ ಹೋಗುವುದು ಅಲ್ಲಿ ಅಷ್ಟು ಕಷ್ಟವೂ ಅಲ್ಲ. ಎದುರಿನ ಲಾರಿ ಗುಂಡಿಯ ನೀರನ್ನು ಮುಂಗಾಜಿಗೆ ಎರಚುವುದು ಮಾತ್ರ ತಪ್ಪದು. ಅದು ಹತ್ತಿರ ಬರುವ ಮೊದಲೇ ವೈಪರ್ ಜೋರು ಮಾಡಿ, ಕಣ್ಣನ್ನು ಎಡ ಅಂಚಿಗೆ ತಂದುಕೊಳ್ಳಿ.

ನಿಲ್ಲಿಸಿ ಕಾಯುವುದೂ ಒಂದು ದಾರಿಯೇ, ಮಳೆ ಯಾವುದೆಂದು ನೋಡಿ. ಏಪ್ರಿಲ್–ಮೇನಲ್ಲಿ ಬಯಲುಸೀಮೆಯ ಗುಡುಗುಮಳೆ ಒಂದು ಕಾಫಿ ಕುಡಿಯುವಷ್ಟರಲ್ಲಿ ತಗ್ಗಬಹುದು. ಜುಲೈನಲ್ಲಿ ಸಕಲೇಶಪುರದ ಮಳೆಗೆ ಕಾದರೆ ರಾತ್ರಿ ಅಲ್ಲೇ ಆದೀತು. ನಿಲ್ಲುವುದಾದರೆ ಪೆಟ್ರೋಲ್ ಬಂಕಿನಲ್ಲೋ ಹೋಟೆಲಿನ ಅಂಗಳದಲ್ಲೋ ನಿಲ್ಲಿ. ಬೇರೆ ಗತಿಯಿಲ್ಲದೆ ರಸ್ತೆ ಪಕ್ಕ ನಿಲ್ಲಬೇಕಾದರೆ ಡಾಂಬರು ಪೂರ್ತಿ ಬಿಟ್ಟು ಇಳಿಸಿ. ನಾಲ್ಕು ಇಂಡಿಕೇಟರಿಗೆ ಸರಿಯಾದ ಜಾಗ ಅದೇ.

ಹಿಂದೆ ಅಂಟಿಕೊಂಡು ಹಾರ್ನ್ ಹೊಡೆಯುತ್ತಿದ್ದವನ ಬಗ್ಗೆ: ಅವನು ಬಂದಾಗ ನೀವು ಇನ್ನೂ ಲಾರಿಯ ಹಿಂದೆ ದೂರದಲ್ಲಿದ್ದರೆ, ಎಡ ಲೇನಿಗೆ ಸರಿದು ಅವನನ್ನು ಕಳಿಸಿಬಿಡಿ. ಅವನ ಚಕ್ರದ ಎರಚಲು ಒಂದೆರಡು ಕ್ಷಣ ನಿಮ್ಮ ಗಾಜಿಗೆ ಬೀಳುತ್ತದೆ, ವೈಪರ್ ಜೋರಿನಲ್ಲೇ ಇರಲಿ. ಆಮೇಲೆ ಲಾರಿಯ ಹಿಂದೆ ನಾಲ್ಕು ಸೆಕೆಂಡು ಮತ್ತೆ ಎಣಿಸಿಕೊಂಡು, ಮುಂದಿನ ಏರು ಎಲ್ಲಿ ಬರುತ್ತದೆ ನೋಡುತ್ತಿರಿ.